ಹತ್ತನೇ ತರಗತಿಯ ವಿದ್ಯುತ್ ಪಾಠ ಮಕ್ಕಳ ಕೈಯಿಂದಲೇ ಮಾಡಿಸುವುದು ಹೇಗೆ? ಬಲ್ಬ್ ಹತ್ತಿಸುವುದರಿಂದ ಓಮ್ ನಕ್ಷೆಯವರೆಗೆ

ಚಿಂಚೋಳಿ ಕಡೆಯಿಂದ, ಔರಾದ್ ಕಡೆಯಿಂದ, ಸುರಪುರದಿಂದ ವಿಜ್ಞಾನ ಶಿಕ್ಷಕರು ಫೋನ್ ಮಾಡಿದಾಗ ದೂರು ಹೆಚ್ಚುಕಮ್ಮಿ ಒಂದೇ ಇರುತ್ತದೆ. ಮನೆಯಲ್ಲಿ ಹತ್ತಿದ ಬಲ್ಬ್ ತರಗತಿಯಲ್ಲಿ ಹತ್ತುವುದಿಲ್ಲ. ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದಾಗಿ, ಹಾಕಿದ ಎರಡು ಬಲ್ಬ್ ಒಂದೇ ಸಮ ಉರಿಯುವುದಿಲ್ಲ. ವೋಲ್ಟೇಜ್ ಹೆಚ್ಚಿದಷ್ಟೇ ಕರೆಂಟೂ ಹೆಚ್ಚುತ್ತದೆ ಅನ್ನುವ ಓಮ್ ನಿಯಮದ ಗೆರೆ ನೇರ ಬರುವುದಿಲ್ಲ. ಕೊನೆಗೆ "ಪುಸ್ತಕದಲ್ಲಿ ಹೀಗಿದೆ, ಬರ್ಕೊಳ್ಳಿ" ಅಂತ ಹೇಳಿ ಪಾಠ ಮುಗಿಸಬೇಕಾಗುತ್ತದೆ.

ಇವರಿಗೆಲ್ಲ ಪಾಠ ಚೆನ್ನಾಗಿ ಗೊತ್ತು. ಎಡವುವುದು ಕೆಲಸದ ಕ್ರಮದಲ್ಲಿ. ಸಾಮಾನು ಪರೀಕ್ಷಿಸದೆ ತರಗತಿಗೆ ಒಯ್ಯುತ್ತಾರೆ. ಮಕ್ಕಳು ಊಹಿಸುವ ಮೊದಲೇ ಉತ್ತರ ಹೇಳಿಬಿಡುತ್ತಾರೆ. ಬಲ್ಬ್ ಹತ್ತದಿದ್ದರೆ ತಾವೇ ಹೋಗಿ ಸರಿ ಮಾಡುತ್ತಾರೆ. ಈ ಮೂರನ್ನು ತಿದ್ದಿಕೊಂಡರೆ 50–60 ಮಕ್ಕಳ ತರಗತಿಯಲ್ಲೂ ಈ ಪಾಠ ಮಾಡಿಸಬಹುದು. ಕಲಬುರಗಿ ಜಿಲ್ಲೆಯ ಸಾಮಾನ್ಯ ಪ್ರೌಢಶಾಲೆಗಳಲ್ಲಿ, ಲ್ಯಾಬ್ ಅನ್ನುವ ಕೋಣೆಯೇ ಇಲ್ಲದ ಕಡೆ, ನಾನು ಮಾಡಿಸಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಒಟ್ಟು ಐದಾರು ಪೀರಿಯಡ್ ಬೇಕು.

## ಹಂತ 1: ಸಾಮಾನು ಕೂಡಿಸುವುದು

ಐದಾರು ಮಕ್ಕಳ ಒಂದು ಗುಂಪಿಗೆ ಬೇಕಾಗುವುದು ಇಷ್ಟು: ದೊಡ್ಡ ಟಾರ್ಚ್ ಸೆಲ್ 2, 2.5 ವೋಲ್ಟ್‌ನ ಟಾರ್ಚ್ ಬಲ್ಬ್ 3, ಹೋಲ್ಡರ್ 3, ಒಂದು ಗೇಣುದ್ದದ ತಂತಿ 6, ಒಂದು ಸ್ವಿಚ್. ಹತ್ತು ಗುಂಪಿಗೆ ಲೆಕ್ಕ ಹಾಕಿ, ಮೇಲೆ ಹತ್ತು ಬಲ್ಬ್, ನಾಲ್ಕು ಸೆಲ್ ಜಾಸ್ತಿ ತನ್ನಿ. ಬಲ್ಬ್ ಸುಡುತ್ತವೆ. ಸುಡಲೇಬೇಕು, ಇಲ್ಲದಿದ್ದರೆ ಮಕ್ಕಳು ಏನನ್ನೂ ಮುಟ್ಟಿಲ್ಲ ಅಂತ ಅರ್ಥ.

ಬಲ್ಬ್ ಕೊಳ್ಳುವಾಗ ಎಚ್ಚರ. "ಟಾರ್ಚ್ ಬಲ್ಬ್ ಕೊಡಿ" ಅಂದರೆ ಈಗ ಅಂಗಡಿಯವರು ಎಲ್‌ಇಡಿ ಕೊಡುತ್ತಾರೆ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್, ಬಿಳಿಯದಕ್ಕೆ ಸುಮಾರು 3 ವೋಲ್ಟ್ ಬೇಕು. ಉಲ್ಟಾ ಹಾಕಿದರೆ ಹತ್ತುವುದೇ ಇಲ್ಲ. ಸರಣಿ ಜೋಡಣೆ, ಸಮಾಂತರ (ಅಕ್ಕಪಕ್ಕ, ಬೇರೆ ಬೇರೆ ದಾರಿಯಾಗಿ ಹಾಕುವ) ಜೋಡಣೆ ತೋರಿಸಲು ಅದು ಉಪಯೋಗಕ್ಕೆ ಬರುವುದಿಲ್ಲ. ಒಳಗೆ ಸಣ್ಣ ತಂತಿ ಕಾಣುವ ಹಳೇ ಬಗೆಯ ಬಲ್ಬೇ ಬೇಕು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಎಲೆಕ್ಟ್ರಿಕ್ ಅಂಗಡಿಗಳಲ್ಲಿ, ಶಾಲಾ ಪ್ರಯೋಗದ ಸಾಮಾನು ಮಾರುವವರಲ್ಲಿ ಕೇಳಿ ನೋಡಿ. ಸಿಕ್ಕಾಗ ಎರಡು ವರ್ಷಕ್ಕಾಗುವಷ್ಟು ತಂದಿಡಿ. ಎಲ್ಲವನ್ನೂ ಒಂದೇ ಅಂಗಡಿಯಿಂದ, ಒಂದೇ ಡಬ್ಬಿಯಿಂದ ತೆಗೆದುಕೊಳ್ಳಿ. ಯಾಕೆ ಅನ್ನುವುದು ಹಂತ 2ರಲ್ಲಿ ಗೊತ್ತಾಗುತ್ತದೆ.

ತಂತಿಗೆ ದುಡ್ಡು ಹಾಕಬೇಕಿಲ್ಲ. ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುವ ಅಂಗಡಿ ನಮ್ಮಲ್ಲಿ ಪ್ರತಿ ಹೋಬಳಿಯಲ್ಲೂ ಇದೆ. ಕೇಳಿದರೆ ತುಂಡು ತಾಮ್ರದ ತಂತಿ ಕೊಡುತ್ತಾರೆ. ಆದರೆ ಆ ತಂತಿಯ ಮೇಲೆ ಬಣ್ಣದ ಹಾಗೆ ಕಾಣುವ ತೆಳು ಲೇಪ ಇರುತ್ತದೆ. ಅದು ಕರೆಂಟ್ ಬಿಡುವುದಿಲ್ಲ. ಎರಡೂ ತುದಿಯಲ್ಲಿ 2 ಸೆಂ.ಮೀ. ಉದ್ದ ಬ್ಲೇಡಿನಿಂದ ಕೆರೆದು, ಸ್ಯಾಂಡ್ ಪೇಪರ್‌ನಿಂದ ಸುತ್ತಲೂ ಉಜ್ಜಬೇಕು. ಒಂದೇ ಬದಿ ಕೆರೆದರೆ ಸಾಲದು. "ತಂತಿ ಸರಿಯಾಗಿದೆ, ಬಲ್ಬ್ ಸರಿಯಾಗಿದೆ, ಆದರೂ ಹತ್ತುತ್ತಿಲ್ಲ" ಅಂತ ಬರುವ ದೂರಿನಲ್ಲಿ ಬಹಳಷ್ಟು ಈ ಲೇಪದ್ದೇ ಆಗಿರುತ್ತದೆ.

ಸೆಲ್ ಹಿಡಿದಿಡಲು ಹಳೇ ಸೈಕಲ್ ಟ್ಯೂಬ್ ಸಾಕು. ಎರಡು ಸೆಲ್‌ಗಳನ್ನು ಒಂದರ ಹಿಂದೆ ಒಂದು ಇಟ್ಟು ರಟ್ಟಿನಲ್ಲಿ ಬಿಗಿಯಾಗಿ ಸುತ್ತಿ ರೋಲ್ ಮಾಡಿ. ಟ್ಯೂಬಿನಿಂದ ಕತ್ತರಿಸಿದ ಉಂಗುರವನ್ನು ಉದ್ದಕ್ಕೆ ಎಳೆದು ಹಾಕಿ. ತಂತಿಯ ತುದಿಯನ್ನು ಸೆಲ್‌ಗೂ ರಬ್ಬರ್‌ಗೂ ನಡುವೆ ಸಿಕ್ಕಿಸಿದರೆ ಗಟ್ಟಿಯಾಗಿ ಕೂರುತ್ತದೆ. ಸ್ವಿಚ್‌ಗೆ ಒಂದು ರಟ್ಟು, ಎರಡು ಡ್ರಾಯಿಂಗ್ ಪಿನ್, ಒಂದು ಸೇಫ್ಟಿ ಪಿನ್ ಸಾಕು.

ಮೀಟರ್‌ಗಳು ಪ್ರತಿ ಗುಂಪಿಗೂ ಸಿಗುವುದಿಲ್ಲ. ಶಾಲೆಯಲ್ಲಿ ಕರೆಂಟ್ ಅಳೆಯುವ ಅಮ್ಮೀಟರ್ ಎರಡು, ವೋಲ್ಟೇಜ್ ಅಳೆಯುವ ವೋಲ್ಟ್‌ಮೀಟರ್ ಎರಡು ಇದ್ದರೂ ನಡೆಯುತ್ತದೆ. ಸರದಿ ಹಚ್ಚಿದರಾಯಿತು.

ಮಾಡಲೇಬಾರದ್ದು: ಗೋಡೆಯ ಪ್ಲಗ್ ಬೇಡವೇ ಬೇಡ. 230 ವೋಲ್ಟ್ ಜೀವ ತೆಗೆಯುತ್ತದೆ. ಇದನ್ನು ಮೊದಲ ದಿನವೇ ಮಕ್ಕಳಿಗೆ ಹೇಳಿ, ಮನೆಯಲ್ಲೂ ಈ ಪ್ರಯೋಗಕ್ಕೆ ಪ್ಲಗ್ ಮುಟ್ಟಬಾರದು ಅಂತ ಸ್ಪಷ್ಟವಾಗಿ ಹೇಳಿ. ಬೈಕ್, ಟ್ರ್ಯಾಕ್ಟರ್ ಬ್ಯಾಟರಿಯೂ ಬೇಡ. ವೋಲ್ಟೇಜ್ 12 ಮಾತ್ರ ಆದರೂ ಎರಡು ತುದಿ ತಾಗಿದರೆ ಭಾರಿ ಕರೆಂಟ್ ಹರಿದು ತಂತಿ ಕೆಂಪಗಾಗುತ್ತದೆ, ಒಳಗೆ ಆಸಿಡ್ ಬೇರೆ. ಮೊಬೈಲ್ ಬ್ಯಾಟರಿ ಬಿಚ್ಚಿ ತರುವ ಹುಡುಗರಿರುತ್ತಾರೆ. ಅದಕ್ಕೆ ಬೆಂಕಿ ಹೊತ್ತಿಕೊಳ್ಳಬಹುದು. ಕಂಡ ಕೂಡಲೇ ತೆಗೆದಿಡಿ.

## ಹಂತ 2: ಹಿಂದಿನ ದಿನ ಸಂಜೆ ಬಲ್ಬ್, ಸೆಲ್ ಆರಿಸುವುದು

ಇಡೀ ಪಾಠದಲ್ಲಿ ನಾನು ಅತಿ ಹೆಚ್ಚು ಒತ್ತಿ ಹೇಳುವ ಹಂತ ಇದು. ಜಾಸ್ತಿ ಜನ ಬಿಟ್ಟುಬಿಡುವ ಹಂತವೂ ಇದೇ.

ಮೊದಲು ಸೆಲ್. ಹೊಸ ಸೆಲ್ 1.5 ವೋಲ್ಟ್ ತೋರಿಸುತ್ತದೆ. ಸುಮ್ನೆ ಮೀಟರ್ ಹಚ್ಚಿ ನೋಡಬೇಡಿ. ಹಳೇ ಸೆಲ್ ಕೂಡ ಬರಿದೇ ಇದ್ದಾಗ 1.4 ತೋರಿಸಿ ಮೋಸ ಮಾಡುತ್ತದೆ. ಒಂದು ಬಲ್ಬ್ ಹತ್ತಿಸಿಟ್ಟು, ಅದು ಉರಿಯುತ್ತಿರುವಾಗಲೇ ಸೆಲ್‌ನ ಎರಡು ತುದಿಗೆ ವೋಲ್ಟ್‌ಮೀಟರ್ ಹಚ್ಚಿ. 1.2ಕ್ಕಿಂತ ಕೆಳಗೆ ಇಳಿದರೆ ಅದನ್ನು ಬದಿಗಿಡಿ. ಹಳೇ ಸೆಲ್, ಹೊಸ ಸೆಲ್ ಒಂದೇ ರೋಲಿನಲ್ಲಿ ಬೆರೆಸಬೇಡಿ.

ಆಮೇಲೆ ಬಲ್ಬ್. ಒಂದೇ ಡಬ್ಬಿಯ ಬಲ್ಬುಗಳೂ ಒಂದೇ ತರಹ ಇರುವುದಿಲ್ಲ. ಎರಡೆರಡು ಬಲ್ಬ್ ತೆಗೆದುಕೊಂಡು ಎರಡು ಸೆಲ್‌ಗೆ ಸರಣಿಯಲ್ಲಿ ಹಾಕಿ. ಎರಡೂ ಒಂದೇ ಸಮ ಉರಿದರೆ ಅವು ಜೋಡಿ. ಬುಡಕ್ಕೆ ಒಂದೇ ಬಣ್ಣದ ಚುಕ್ಕೆ ಇಡಿ. ಒಂದು ಹೆಚ್ಚು, ಒಂದು ಕಡಿಮೆ ಉರಿದರೆ ಬೇರೆ ಬಲ್ಬ್ ಹಾಕಿ ನೋಡಿ. ಪ್ರತಿ ಗುಂಪಿಗೂ ಇಂಥ ಒಂದು ಜೋಡಿ ಸಿಗಲೇಬೇಕು. ನಲವತ್ತು ಬಲ್ಬ್ ಆರಿಸಲು ಒಂದು ತಾಸು ಹಿಡಿಯುತ್ತದೆ.

ಈ ತಾಸು ಉಳಿಸಲು ಹೋಗಿ ಆಗುವ ನಷ್ಟ ನಾನು ಕಂಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಶಾಲೆಯಲ್ಲಿ ಆರಿಸದ ಬಲ್ಬುಗಳನ್ನೇ ಕೊಟ್ಟುಬಿಟ್ಟೆ. ಒಂದು ಗುಂಪಿನಲ್ಲಿ ಪ್ಲಸ್ ಕಡೆಯ ಬಲ್ಬ್ ಚೆನ್ನಾಗಿ ಉರಿಯಿತು, ಮುಂದಿನದು ಮಂಕಾಗಿತ್ತು. "ನೋಡ್ರೀ ಸರ್, ಮೊದಲ್ನೇ ಬಲ್ಬ್ ಕರೆಂಟ್ ತಿಂದದ, ಎರಡನೇದಕ್ಕ ಕಮ್ಮಿ ಬಂದದ" ಅಂದಳು ಒಬ್ಬ ಹುಡುಗಿ. ಬಹಳ ಮಕ್ಕಳ ಮನಸ್ಸಿನಲ್ಲಿ ಇರುವ ತಪ್ಪು ಕಲ್ಪನೆ ಇದೇ. ನನ್ನ ಪ್ರಯೋಗವೇ ಅದಕ್ಕೆ ಸಾಕ್ಷಿ ಒದಗಿಸಿತು. ಆಮೇಲೆ ಎಷ್ಟು ಬಾಯಿಮಾತಿನಲ್ಲಿ ಹೇಳಿದರೂ ಅವಳು ಒಪ್ಪಲಿಲ್ಲ. ಕಣ್ಣಾರೆ ಕಂಡದ್ದನ್ನು ಅವಳು ಯಾಕೆ ಬಿಡಬೇಕು, ಅಲ್ವಾ?

ಕೊನೆಗೆ ಹೋಲ್ಡರ್. ಹೋಲ್ಡರಿನ ತಳದಲ್ಲಿ ಒಂದು ಸಣ್ಣ ತಗಡಿನ ನಾಲಿಗೆ ಇರುತ್ತದೆ. ಬಲ್ಬನ್ನು ಜೋರಾಗಿ ತಿರುಗಿಸಿದರೆ ಅದು ಕೆಳಗೆ ಅಮುಕಿ ಹೋಗಿ ಬಲ್ಬಿನ ಬುಡಕ್ಕೆ ತಾಗುವುದಿಲ್ಲ. ಸಣ್ಣ ಸ್ಕ್ರೂಡ್ರೈವರ್‌ನಿಂದ ತುಸು ಮೇಲೆತ್ತಿ. ಮೂವತ್ತು ಹೋಲ್ಡರ್‌ನಲ್ಲಿ ನಾಲ್ಕೈದು ಹೀಗೇ ಇರುತ್ತವೆ.

## ಹಂತ 3: ಜಾಗ, ಗುಂಪು, ಭಾಷೆ

ಬೆಂಚುಗಳನ್ನು ಗೋಡೆಗೆ ಸರಿಸಿ ಮಕ್ಕಳನ್ನು ನೆಲದ ಮೇಲೆ ಕೂರಿಸಿ. ನಮ್ಮ ಶಾಲೆಗಳ ಶಹಾಬಾದ್ ಕಲ್ಲಿನ ನೆಲ ಈ ಕೆಲಸಕ್ಕೆ ಬಹಳ ಒಳ್ಳೆಯದು. ಸಮತಟ್ಟು, ತಂಪು, ಬಲ್ಬ್ ಉರುಳಿದರೂ ಒಡೆಯುವಷ್ಟು ಎತ್ತರದಿಂದ ಬೀಳುವುದಿಲ್ಲ. ಚಾಕ್‌ಪೀಸ್‌ನಿಂದ ನೆಲದ ಮೇಲೇ ವಿದ್ಯುತ್ ಮಂಡಲದ (ಸರ್ಕ್ಯೂಟ್) ಚಿತ್ರ ಬರೆದು, ಆ ಗೆರೆಗಳ ಮೇಲೇ ತಂತಿ ಇಡಿಸಿ. ಪುಸ್ತಕದ ಚೌಕಟ್ಟಿನ ಚಿತ್ರಕ್ಕೂ ಸಿಕ್ಕಾದ ತಂತಿಗಳಿಗೂ ಸಂಬಂಧ ಕಾಣದೆ ಒದ್ದಾಡುವ ಮಕ್ಕಳಿಗೆ ಇದೊಂದೇ ಎಷ್ಟೋ ಸಹಾಯ ಮಾಡುತ್ತದೆ.

ಗುಂಪಿನಲ್ಲಿ ಒಬ್ಬರು ಜೋಡಿಸುವವರು, ಒಬ್ಬರು ಪರೀಕ್ಷಿಸುವವರು, ಒಬ್ಬರು ಬರೆಯುವವರು, ಉಳಿದವರು ಊಹೆ ಹೇಳುವವರು. ಪ್ರತಿ ಹತ್ತು ನಿಮಿಷಕ್ಕೆ ಕೆಲಸ ಬದಲಾಗಬೇಕು. ಇದನ್ನು ಗಡಿಯಾರ ನೋಡಿ ಮಾಡಿಸಿ. ಬಿಟ್ಟರೆ ಹುಡುಗರು ತಂತಿ ಹಿಡಿಯುತ್ತಾರೆ, ಹುಡುಗಿಯರು ಪೆನ್ನು ಹಿಡಿಯುತ್ತಾರೆ, ವರ್ಷಪೂರ್ತಿ ಹಾಗೇ ನಡೆಯುತ್ತದೆ. ಅದು ನನಗೆ ಸಹಿಸಲು ಆಗುವುದಿಲ್ಲ.

ಇನ್ನೊಂದು ತೊಡಕು ಮಾತಿನದು. ನಮ್ಮ ತರಗತಿಗಳಲ್ಲಿ ಉರ್ದು, ಮರಾಠಿ, ತೆಲುಗು, ಲಂಬಾಣಿ ಮಾತಾಡುವ ಮಕ್ಕಳು ಒಟ್ಟಿಗೇ ಇರುತ್ತಾರೆ. ಎಲ್ಲರಿಗೂ ಗೊತ್ತಿರುವ ಪದ "ಕರೆಂಟ್". ಆದರೆ "ಕರೆಂಟ್ ಹೋಯ್ತು" ಅನ್ನುವಾಗ ಆ ಪದದ ಅರ್ಥವೇ ಬೇರೆ, ಅಮ್ಮೀಟರ್ ಅಳೆಯುವ ಕರೆಂಟ್ ಬೇರೆ. ಮೊದಲ ದಿನವೇ ಹಲಗೆಯ ಮೂಲೆಯಲ್ಲಿ ಬರೆದಿಡಿ: ವಿದ್ಯುತ್ ಪ್ರವಾಹ ಎಂದರೆ ಎಷ್ಟು ಹರಿಯುತ್ತಿದೆ, ವಿಭವಾಂತರ ಎಂದರೆ ಎಷ್ಟು ತಳ್ಳುತ್ತಿದೆ, ರೋಧ ಎಂದರೆ ಎಷ್ಟು ತಡೆಯುತ್ತಿದೆ. ವಿಭವಾಂತರಕ್ಕೆ ಹೊಲದ ಅನುಭವ ಇದ್ದೇ ಇದೆ. "ವೋಲ್ಟೇಜ್ ಕಮ್ಮಿ ಅದ, ಮೋಟರ್ ಎತ್ತವಲ್ದು" ಅಂತ ಅಪ್ಪ ಹೇಳಿದ್ದನ್ನು ಕೇಳದ ಮಗು ನಮ್ಮಲ್ಲಿ ಅಪರೂಪ. ಅಲ್ಲಿಂದಲೇ ಶುರು ಮಾಡಿ.

## ಹಂತ 4: ಒಂದು ಬಲ್ಬ್, ಒಂದೇ ತಂತಿ

ಮೊದಲ ಪೀರಿಯಡ್‌ನಲ್ಲಿ ಹೋಲ್ಡರ್ ಕೊಡಬೇಡಿ, ಸ್ವಿಚ್ ಕೊಡಬೇಡಿ. ಎರಡು ಸೆಲ್‌ನ ರೋಲ್, ಒಂದು ಬಲ್ಬ್, ಒಂದೇ ಒಂದು ತಂತಿ ಕೊಟ್ಟು "ಹತ್ತಿಸಿ" ಅನ್ನಿ. ಅಷ್ಟೇ. ಚಿತ್ರ ತೋರಿಸಬೇಡಿ.

ಮಕ್ಕಳು ಮೊದಲು ಬಲ್ಬಿನ ತುದಿಯನ್ನು ಸೆಲ್ ಮೇಲೆ ಇಟ್ಟು ಕಾಯುತ್ತಾರೆ. ಆಮೇಲೆ ತಂತಿಯ ಎರಡೂ ತುದಿಯನ್ನು ಬಲ್ಬಿನ ಒಂದೇ ಜಾಗಕ್ಕೆ ತಾಗಿಸುತ್ತಾರೆ. ಐದು ನಿಮಿಷದಲ್ಲಿ ಒಂದು ಗುಂಪಿಗೆ ಹತ್ತುತ್ತದೆ, ಕೂಗು ಏಳುತ್ತದೆ, ಉಳಿದವರು ಇಣುಕಿ ನೋಡುತ್ತಾರೆ. ನೋಡಲಿ ಬಿಡಿ. ಬಲ್ಬಿಗೆ ಎರಡು ಬಾಗಿಲು ಇವೆ, ಒಂದು ತಳದ ಚುಕ್ಕೆ, ಇನ್ನೊಂದು ಬದಿಯ ಲೋಹದ ಸುತ್ತು ಅನ್ನುವುದನ್ನು ಅವರ ಬೆರಳೇ ಕಂಡುಕೊಳ್ಳಬೇಕು. ಇದನ್ನು ಬೆರಳಿನಿಂದ ಕಲಿಯದ ಮಕ್ಕಳು ಮುಂದೆ ಸಮಾಂತರ ಜೋಡಣೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಎಚ್ಚರಿಕೆಯ ಸೂಚನೆ: ತಂತಿ ಬಿಸಿಯಾಗುತ್ತಿದೆ ಅಂತ ಯಾರಾದರೂ ಹೇಳಿದರೆ ತಂತಿ ಸೆಲ್‌ನ ಎರಡೂ ತುದಿಗೆ ನೇರ ತಾಗಿದೆ. ಕೂಡಲೇ ಬಿಡಿಸಿ. ಒಂದೆರಡು ನಿಮಿಷ ಹಾಗೇ ಬಿಟ್ಟರೂ ಸೆಲ್ ಸೊರಗುತ್ತದೆ.

ಈಗ "ಸರ್, ನಮ್ದು ಹತ್ತವಲ್ದು ರೀ" ಅನ್ನುವ ಕೂಗು ನಾಲ್ಕು ಕಡೆಯಿಂದ ಬರುತ್ತದೆ. ನೀವು ಕೈ ಹಾಕಬೇಡಿ. ಹುಡುಕುವ ಕ್ರಮವನ್ನು ಹಲಗೆಯ ಮೇಲೆ ಬರೆಯಿರಿ, ಅವರೇ ಮಾಡಲಿ:

1. ಉರಿಯುತ್ತಿರುವ ಪಕ್ಕದ ಗುಂಪಿಗೆ ನಿಮ್ಮ ಬಲ್ಬ್ ಒಯ್ದು ಹಾಕಿ ನೋಡಿ. ಅಲ್ಲಿಯೂ ಹತ್ತದಿದ್ದರೆ ಬಲ್ಬ್ ಹೋಗಿದೆ.
2. ಅಲ್ಲಿ ಹತ್ತಿದರೆ, ಅವರ ತಂತಿ ತಂದು ನಿಮ್ಮಲ್ಲಿ ಹಾಕಿ. ಈಗ ಹತ್ತಿದರೆ ನಿಮ್ಮ ತಂತಿಯ ತುದಿ ಕೆರೆದಿಲ್ಲ.
3. ಆಗಲೂ ಹತ್ತದಿದ್ದರೆ ರೋಲ್ ಬಿಚ್ಚಿ. ಸೆಲ್‌ಗಳು ಎದುರು ಬದರು ಕೂತಿರಬಹುದು, ಅಥವಾ ನಡುವೆ ರಟ್ಟು ಸಿಕ್ಕಿರಬಹುದು.

ಒಂದು ಸಲಕ್ಕೆ ಒಂದೇ ಬದಲಾವಣೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿ ಹತ್ತಿಸಿದವರಿಗೆ "ತಪ್ಪು ಎಲ್ಲಿತ್ತು?" ಅಂತ ಕೇಳಿ. ಉತ್ತರ ಬರುವುದಿಲ್ಲ. ಮತ್ತೊಮ್ಮೆ ಮಾಡಿಸಿ. ಹತ್ತದ ಬಲ್ಬಿನ ಕಾರಣ ಹುಡುಕಿದ ಗುಂಪು ಮೊದಲ ಸಲಕ್ಕೇ ಹತ್ತಿಸಿದ ಗುಂಪಿಗಿಂತ ಜಾಸ್ತಿ ಕಲಿತಿರುತ್ತದೆ. ಅದಕ್ಕೇ ನಾನು ಎಲ್ಲ ಗುಂಪಿಗೂ ಒಮ್ಮೆ ಬೇಕಂತಲೇ ಒಂದು ಸುಟ್ಟ ಬಲ್ಬ್ ಕೊಡುತ್ತೇನೆ.

ಸಮಯ ಉಳಿದರೆ ಮಂಡಲದ ನಡುವೆ ಒಂದು ಸಂದು ಬಿಟ್ಟು ಕರೆಂಟ್ ಬಿಡುವ ವಾಹಕ, ಬಿಡದ ಅವಾಹಕ ಯಾವುವು ಅಂತ ನೋಡಿಸಿ: ಕೀಲಿಕೈ, ಬಳೆ, ಜೋಳದ ದಂಟು, ಪೆನ್ಸಿಲ್ ಕಡ್ಡಿ. ಬೀದರಿನ ಮಕ್ಕಳ ಮನೆಯಲ್ಲಿ ಬಿದರಿ ಸಾಮಾನು ಇದ್ದರೆ ತರಿಸಿ, ಬೆಳ್ಳಿಯ ಒಂದೇ ಗೆರೆಯ ಮೇಲೆ ಎರಡೂ ತುದಿ ಇಟ್ಟು ನೋಡಲಿ.

## ಹಂತ 5: ಸರಣಿ ಜೋಡಣೆ. ಮೊದಲು ಊಹೆ, ಆಮೇಲೆ ಸ್ವಿಚ್

ಈಗ ಹೋಲ್ಡರ್, ಸ್ವಿಚ್ ಕೊಡಿ. ಚುಕ್ಕೆ ಇಟ್ಟ ಜೋಡಿ ಬಲ್ಬ್ ಕೊಡಿ. ಮಂಡಲ ಪೂರ್ತಿ ಜೋಡಿಸಿ, ಆದರೆ ಸ್ವಿಚ್ ತೆರೆದೇ ಇರಲಿ. ಪ್ರತಿ ಮಗುವೂ ತನ್ನ ಪುಸ್ತಕದಲ್ಲಿ ಒಂದು ಸಾಲು ಬರೆಯಬೇಕು: ಮೊದಲ ಬಲ್ಬ್ ಹೆಚ್ಚು ಉರಿಯುತ್ತದಾ, ಎರಡನೆಯದಾ, ಎರಡೂ ಸಮಾನಾ? ಪೆನ್ನಿನಲ್ಲಿ ಬರೆಸಿ. ಪೆನ್ಸಿಲ್ ಆದರೆ ಆಮೇಲೆ ಅಳಿಸುತ್ತಾರೆ. ಕೈ ಎತ್ತಿಸಿ ಎಣಿಸಿ, ಸಂಖ್ಯೆ ಹಲಗೆಯ ಮೇಲೆ ಬರೆಯಿರಿ. ಆಗ ಮಾತ್ರ ಸ್ವಿಚ್.

ಈ ಎರಡು ನಿಮಿಷ ಬಿಟ್ಟರೆ ಪ್ರಯೋಗ ಬರೀ ತಮಾಷೆ ಆಗುತ್ತದೆ. ತಾನು ಬರೆದದ್ದಕ್ಕೆ ವಿರುದ್ಧವಾಗಿ ಬಲ್ಬ್ ಉರಿದಾಗಲೇ ಮಗು ನಿಂತು ಯೋಚಿಸುತ್ತದೆ. ತಪ್ಪು ಊಹೆಗೆ ನಗಬಾರದು, ನಗಲು ಬಿಡಲೂಬಾರದು.

ನಮ್ಮ ಊರುಗಳಲ್ಲಿ ಒಂದು ವಿಶೇಷ ತೊಂದರೆ ಇದೆ. ಎರಡು ಸೆಲ್‌ಗೆ ಎರಡು ಬಲ್ಬ್ ಸರಣಿಯಲ್ಲಿ ಹಾಕಿದಾಗ ಒಂದೊಂದಕ್ಕೆ ಸಿಗುವುದು ಸುಮಾರು 1.4 ವೋಲ್ಟ್. ಮಂದವಾಗಿ, ಕೆಂಪಗೆ ಉರಿಯುತ್ತವೆ. ಕಿಟಕಿಯಿಂದ ಬರುವ ಬಿಸಿಲಿನ ಬೆಳಕಿಗೆ ಅದು ಕಾಣುವುದೇ ಇಲ್ಲ, "ಹತ್ತಲಿಲ್ಲ" ಅಂತ ಬರೆದುಬಿಡುತ್ತಾರೆ. ಖಾಲಿ ಚಾಕ್‌ಪೀಸ್ ಡಬ್ಬಿಯನ್ನು ಬಲ್ಬಿನ ಮೇಲೆ ಮುಚ್ಚಿ ತೂತಿನಿಂದ ನೋಡಲಿ. ಬೆಳಕು ಸಾಲದು ಅಂತ ಮೂರನೇ ಸೆಲ್ ಸೇರಿಸಬೇಡಿ. ಯಾರಾದರೂ ಒಂದು ಬಲ್ಬನ್ನು ತಂತಿಯಿಂದ ದಾಟಿಸಿದ ಕ್ಷಣ ಇನ್ನೊಂದರ ಮೇಲೆ 4.5 ವೋಲ್ಟ್ ಬಿದ್ದು ಸುಟ್ಟುಹೋಗುತ್ತದೆ.

ಎರಡೂ ಸಮಾನ ಉರಿಯುವುದನ್ನು ನೋಡಿದ ಮೇಲೆ ಬಲ್ಬುಗಳ ಜಾಗ ಅದಲು ಬದಲು ಮಾಡಿಸಿ. ಆಗಲೂ ಸಮಾನ. ಆಮೇಲೆ ಅಮ್ಮೀಟರ್. ಮೊದಲ ಬಲ್ಬಿಗೆ ಮುಂಚೆ, ಎರಡರ ನಡುವೆ, ಎರಡನೆಯದರ ನಂತರ, ಹೀಗೆ ಮೂರು ಜಾಗದಲ್ಲಿ ಹಾಕಿ ಅಳೆಯಲಿ. ಮೂರೂ ಕಡೆ ಒಂದೇ ಅಂಕಿ ಬರುತ್ತದೆ. ಕರೆಂಟ್ "ತಿಂದುಹೋಗುತ್ತದೆ" ಅನ್ನುವ ಕಲ್ಪನೆ ಇಲ್ಲಿ ಬೀಳುತ್ತದೆ. ಹಾಗಾದರೆ ಏನು ಖರ್ಚಾಗುತ್ತಿದೆ ಅಂತ ಮಕ್ಕಳೇ ಕೇಳುತ್ತಾರೆ. ಕೇಳುವವರೆಗೆ ಕಾಯಿರಿ. ಸೆಲ್‌ನ ಶಕ್ತಿ ಬಲ್ಬಿನಲ್ಲಿ ಶಾಖ, ಬೆಳಕಾಗಿ ಹೋಗುತ್ತಿದೆ ಅನ್ನುವ ಮಾತಿಗೆ ಆಗಲೇ ಬೆಲೆ.

ಮೀಟರ್ ವಿಷಯದಲ್ಲಿ ಆಗುವ ತಪ್ಪುಗಳು ಇವು. ಅಮ್ಮೀಟರನ್ನು ಸೆಲ್‌ನ ಎರಡು ತುದಿಗೆ ನೇರ ಹಚ್ಚುವುದು ದೊಡ್ಡ ತಪ್ಪು. ಮುಳ್ಳು ಪಟ್ಟನೆ ಕೊನೆಗೆ ಹೋಗಿ ಬಡಿಯುತ್ತದೆ, ಮೀಟರ್ ಹಾಳಾಗುತ್ತದೆ. ಅದು ಯಾವಾಗಲೂ ಬಲ್ಬಿನ ಸಾಲಿನಲ್ಲೇ ಇರಬೇಕು. ವೋಲ್ಟ್‌ಮೀಟರನ್ನು ಸಾಲಿನಲ್ಲಿ ಹಾಕಿದರೆ ಹಾನಿ ಇಲ್ಲ, ಆದರೆ ಬಲ್ಬ್ ಆರಿಹೋಗುತ್ತದೆ, ಮೀಟರ್ ಮಾತ್ರ ಪೂರ್ತಿ 3 ವೋಲ್ಟ್ ತೋರಿಸುತ್ತದೆ. ಈ ಎರಡು ಗುರುತು ಒಟ್ಟಿಗೆ ಕಂಡರೆ ಕಾರಣ ಇದೇ. ಮುಳ್ಳು ಸೊನ್ನೆಯಿಂದ ಹಿಂದಕ್ಕೆ ಹೋದರೆ ಪ್ಲಸ್, ಮೈನಸ್ ಅದಲು ಬದಲಾಗಿದೆ.

ಇಲ್ಲಿ ಹರಿಯುವುದು ಸುಮಾರು 0.2 ಆಂಪೇರ್ ಮಾತ್ರ. 0–3 ಆಂಪೇರ್ ಮೀಟರ್ ಹಾಕಿದರೆ ಮುಳ್ಳು ಸೊನ್ನೆಯ ಹತ್ತಿರವೇ ನಿಲ್ಲುತ್ತದೆ, ವ್ಯತ್ಯಾಸ ಓದಲಾಗುವುದಿಲ್ಲ. 0–500 ಮಿಲಿಆಂಪೇರ್ ಮೀಟರ್ ಇದ್ದರೆ ಅದನ್ನೇ ತೆಗೆಯಿರಿ. ಅಗ್ಗದ ಡಿಜಿಟಲ್ ಮಲ್ಟಿಮೀಟರ್ ಬಳಸುವವರು ಕೆಂಪು ವೈರನ್ನು 10 ಆಂಪೇರ್ ಅಂತ ಬರೆದ ತೂತಿಗೆ ಹಾಕಬೇಕು. ಮಾಮೂಲಿ ತೂತಿನ ಮಿತಿ ಹೆಚ್ಚಿನವುಗಳಲ್ಲಿ 200 ಮಿಲಿಆಂಪೇರ್. ಒಂದು ಬಲ್ಬ್ ಎಳೆಯುವುದೇ 300, ಒಳಗಿನ ಫ್ಯೂಸ್ ಹೋಗುತ್ತದೆ. ಮತ್ತೆ ವೋಲ್ಟೇಜ್ ಅಳೆಯುವ ಮೊದಲು ಆ ವೈರನ್ನು ವಾಪಸ್ ಮಾಮೂಲಿ ತೂತಿಗೆ ಹಾಕಿಸಿ. ಇದನ್ನು ಮರೆತು ಹಾಳು ಮಾಡಿದ ಮೀಟರ್‌ಗಳಿಗೆ ಲೆಕ್ಕವಿಲ್ಲ.

## ಹಂತ 6: ಸಮಾಂತರ ಜೋಡಣೆ

ಮೊದಲು ಒಂದೇ ಬಲ್ಬ್ ಹತ್ತಿಸಲಿ. ಆಮೇಲೆ ಎರಡನೇ ಬಲ್ಬಿನ ಎರಡು ತಂತಿಯನ್ನು ಮೊದಲ ಬಲ್ಬಿನ ಹೋಲ್ಡರ್‌ನ ಎರಡು ತುದಿಗೆ ಹಚ್ಚಲಿ. "ಏಣಿಯ ಹಾಗೆ" ಅಂದರೆ ಮಕ್ಕಳಿಗೆ ಬೇಗ ತಿಳಿಯುತ್ತದೆ. ಹಚ್ಚುವ ಮೊದಲು ಮತ್ತೆ ಊಹೆ: ಮೊದಲ ಬಲ್ಬಿನ ಬೆಳಕು ಏನಾಗುತ್ತದೆ?

ಸರಿಯಾಗಿ ಆದರೆ ಅದು ಹಾಗೇ ಇರಬೇಕು. ಆದರೆ ತರಗತಿಯಲ್ಲಿ ಬಹಳ ಸಲ ಅದು ಮಂಕಾಗುತ್ತದೆ, ಶಿಕ್ಷಕರು ಗಾಬರಿಯಾಗುತ್ತಾರೆ. ಕಾರಣ ಸೊರಗಿದ ಸೆಲ್. ಸೆಲ್‌ನ ಒಳಗೂ ಸ್ವಲ್ಪ ರೋಧ ಇದೆ, ಹಳತಾದಂತೆ ಅದು ಹೆಚ್ಚುತ್ತದೆ. ಎರಡು ಬಲ್ಬಿಗೆ ದುಪ್ಪಟ್ಟು ಕರೆಂಟ್ ಎಳೆದಾಗ ಒಳಗೇ ಜಾಸ್ತಿ ವೋಲ್ಟೇಜ್ ಬಿದ್ದುಹೋಗುತ್ತದೆ. ಹಂತ 2ರಲ್ಲಿ ಬದಿಗಿಡದ ಸೆಲ್ ಇಲ್ಲಿ ಸಿಕ್ಕಿಬೀಳುತ್ತದೆ. ಹೊಸ ಸೆಲ್ ಹಾಕಿ ತೋರಿಸಿ. ಸಣ್ಣ ಗಡಿಯಾರದ ಸೆಲ್‌ಗಿಂತ ದೊಡ್ಡ ಟಾರ್ಚ್ ಸೆಲ್ ಬೇಕು ಅಂದದ್ದೂ ಇದಕ್ಕೇ.

ಒಂದು ಬಲ್ಬ್ ಬಿಚ್ಚಿದರೆ ಇನ್ನೊಂದು ಉರಿಯುತ್ತಲೇ ಇರುತ್ತದೆ. ಸರಣಿಯಲ್ಲಿ ಎರಡೂ ಆರಿದ್ದವು. ಮನೆಯ ವೈರಿಂಗ್ ಯಾವುದು ಅಂತ ಈಗ ಕೇಳಿ. ಶರಣಬಸವೇಶ್ವರ ಜಾತ್ರೆಯಲ್ಲೋ ಉರುಸಿನಲ್ಲೋ ಕಟ್ಟುವ ಸೀರಿಯಲ್ ಲೈಟಿನಲ್ಲಿ ಒಂದು ತುಂಡು ಪೂರ್ತಿ ಆರಿ ಉಳಿದದ್ದು ಉರಿಯುವುದನ್ನು ಅವರು ನೋಡಿರುತ್ತಾರೆ. ಅದರಲ್ಲಿ ಸರಣಿ ಎಲ್ಲಿದೆ, ಸಮಾಂತರ ಎಲ್ಲಿದೆ ಅಂತ ಚಿತ್ರ ಬರೆದು ತರಲಿ. ನೋಡಿ ಬರೆಯಲು ಮಾತ್ರ, ಬಿಚ್ಚಲು ಅಲ್ಲ.

## ಹಂತ 7: ಓಮ್ ನಿಯಮ, ಗೆರೆ ನೇರ ಬರುವ ಹಾಗೆ

ಮೊದಲ ತಪ್ಪು: ಓಮ್ ನಿಯಮಕ್ಕೆ ಬಲ್ಬ್ ಬಳಸುವುದು. ಬಲ್ಬಿನ ಒಳಗಿನ ತಂತಿ ಬಿಸಿಯಾದಂತೆ ಅದರ ರೋಧ ಹೆಚ್ಚುತ್ತದೆ. 2.5 ವೋಲ್ಟ್, 0.3 ಆಂಪೇರ್ ಬಲ್ಬ್ ಪೂರ್ತಿ ಉರಿಯುವಾಗ ಸುಮಾರು 8 ಓಮ್. ತಣ್ಣಗಿದ್ದಾಗ ಮಲ್ಟಿಮೀಟರಿನಲ್ಲಿ ಅಳೆದರೆ ಅದರ ಸಣ್ಣ ಪಾಲು ಮಾತ್ರ. ಗೆರೆ ಬಾಗಿಯೇ ಬರುತ್ತದೆ. ಅದು ನಿಮ್ಮ ತಪ್ಪಲ್ಲ, ಬಲ್ಬಿನ ಗುಣ.

ಬೇಕಾದದ್ದು ನೈಕ್ರೋಮ್ ತಂತಿ, ಅಂದರೆ ನಿಕಲ್, ಕ್ರೋಮಿಯಂ ಬೆರೆತ, ಬಿಸಿಯಾದರೂ ರೋಧ ಹೆಚ್ಚು ಬದಲಾಗದ ತಂತಿ. ಪಠ್ಯದ ಚಟುವಟಿಕೆಯಲ್ಲಿ 0.5 ಮೀಟರ್ ತಂತಿ, 1.5 ವೋಲ್ಟ್‌ನ ನಾಲ್ಕು ಕೋಶ (ಸೆಲ್) ಅಂತ ಇದೆ. ತಂತಿ ಎಷ್ಟು ದಪ್ಪ ಅಂತ ನೋಡದೆ ಹಾಗೇ ಮಾಡಿದರೆ ತೊಂದರೆ. 28 ಗೇಜ್ ನೈಕ್ರೋಮ್ ಒಂದು ಮೀಟರಿಗೆ ಸುಮಾರು 10 ಓಮ್. ಅರ್ಧ ಮೀಟರ್ ಅಂದರೆ 5 ಓಮ್, ನಾಲ್ಕು ಸೆಲ್‌ಗೆ 1 ಆಂಪೇರ್‌ಗೂ ಮೇಲೆ. ತಂತಿ ಬೆರಳು ಸುಡುತ್ತದೆ, ಸೆಲ್‌ಗಳು ಹತ್ತು ನಿಮಿಷದಲ್ಲಿ ಸೊರಗುತ್ತವೆ. ನಾನು ಪೂರ್ತಿ ಒಂದು ಮೀಟರ್ ಬಳಸುತ್ತೇನೆ.

ನೈಕ್ರೋಮ್ ಸಿಗದಿದ್ದರೆ ಕರೆಂಟ್ ಒಲೆಯ ಕಾಯಿಲ್ ತನ್ನಿ. 230 ವೋಲ್ಟ್‌ಗೆ 1000 ವ್ಯಾಟ್ ಕಾಯಿಲ್ ಪೂರ್ತಿ ಸುಮಾರು 53 ಓಮ್. ಸುತ್ತು ಎಣಿಸಿ ಐದು ಸಮ ತುಂಡು ಮಾಡಿದರೆ ಒಂದೊಂದು ತುಂಡು 10 ಓಮ್ ಹತ್ತಿರ. ಒಂದು ಕಾಯಿಲ್, ಐದು ಗುಂಪು! ಸುತ್ತುಗಳು ಒಂದಕ್ಕೊಂದು ತಾಗದ ಹಾಗೆ ತುಸು ಎಳೆಯಿರಿ. ತಾಗಿದರೆ ರೋಧ ಕಡಿಮೆ ತೋರಿಸುತ್ತದೆ, ಅಲುಗಿದಾಗೆಲ್ಲ ಅಂಕಿ ಬದಲಾಗುತ್ತದೆ. ಈ ತಂತಿಗೆ ಬೆಸುಗೆ ಹಿಡಿಯುವುದಿಲ್ಲ. ಸ್ಕ್ರೂ ಇರುವ ಕನೆಕ್ಟರ್‌ನಲ್ಲಿ ಬಿಗಿಯಿರಿ.

ಕ್ರಮ ಹೀಗೆ. ಸೆಲ್, ಸ್ವಿಚ್, ಅಮ್ಮೀಟರ್, ಕಾಯಿಲ್ (ಅಥವಾ ನೈಕ್ರೋಮ್ ತಂತಿ) ಒಂದೇ ಸಾಲಿನಲ್ಲಿ. ಈ ಸಾಲು ಪೂರ್ತಿಯಾದ ಮೇಲೆ ಕೊನೆಗೆ ವೋಲ್ಟ್‌ಮೀಟರನ್ನು ಕಾಯಿಲಿನ ಎರಡು ತುದಿಗೆ. ವೋಲ್ಟ್‌ಮೀಟರ್‌ನಿಂದ ಶುರು ಮಾಡಿದ ಗುಂಪುಗಳು ಗೊಂದಲ ಮಾಡಿಕೊಳ್ಳುವುದೇ ಹೆಚ್ಚು. ಮೊದಲು ಒಂದು ಸೆಲ್, ಆಮೇಲೆ ಎರಡು, ಮೂರು, ನಾಲ್ಕು. ನಾಲ್ಕು ಸೆಲ್ ಆಗಲು ಎರಡು ಗುಂಪು ಸೇರಬೇಕಾಗುತ್ತದೆ, ಸೇರಲಿ. ಸ್ವಿಚ್ ಒತ್ತುವುದು ಐದೇ ಸೆಕೆಂಡ್. ಎರಡು ಮೀಟರ್ ಇಬ್ಬರು ಒಂದೇ ಹೊತ್ತಿಗೆ ಓದಿ, ಸ್ವಿಚ್ ಬಿಡಬೇಕು.

ಎರಡನೇ ದೊಡ್ಡ ತಪ್ಪು ಬರೆಯುವುದರಲ್ಲಿದೆ. ಮಕ್ಕಳು ವೋಲ್ಟ್‌ಮೀಟರ್ ಓದದೆ ಸೆಲ್ ಎಣಿಸಿ 1.5, 3, 4.5, 6 ಅಂತ ಬರೆದುಬಿಡುತ್ತಾರೆ. ಕಾಯಿಲ್ ಮೇಲೆ ನಿಜವಾಗಿ ಬೀಳುವುದು ಅದಕ್ಕಿಂತ ಕಡಿಮೆ. ಎಣಿಸಿ ಬರೆದರೆ ಗೆರೆ ಸೊಟ್ಟ, ಓದಿ ಬರೆದರೆ ನೇರ. ನಿಮಗೆ ಬರಬೇಕಾದ ಅಂಕಿಗಳ ಮಾದರಿ: 1.4 ವೋಲ್ಟ್‌ಗೆ 0.14 ಆಂಪೇರ್, 2.8ಕ್ಕೆ 0.27, 4.1ಕ್ಕೆ 0.42, 5.3ಕ್ಕೆ 0.52. ಪ್ರತಿ ಸಲವೂ ಭಾಗಿಸಿದರೆ 10 ಹತ್ತಿರ ಬರಬೇಕು. 9.6, 10.3 ಬಂದರೆ ಖುಷಿಪಡಿ, ತಿದ್ದಬೇಡಿ. ಎಲ್ಲ ಸಾಲಿನಲ್ಲೂ ಕರಾರುವಾಕ್ಕಾಗಿ 10.0 ಬರೆದ ಗುಂಪು ಮೀಟರ್ ನೋಡಿಲ್ಲ ಅಂತ ತಿಳಿಯಿರಿ.

ನಕ್ಷೆಯಲ್ಲಿ ಆಂಪೇರ್ ಅಡ್ಡಕ್ಕೆ, ವೋಲ್ಟ್ ಲಂಬಕ್ಕೆ ಇರಲಿ. ಆಗ ಗೆರೆಯ ಇಳಿಜಾರೇ ರೋಧ. ಚುಕ್ಕೆಯಿಂದ ಚುಕ್ಕೆಗೆ ಮುರಿದ ಗೆರೆ ಎಳೆಯಲು ಬಿಡಬೇಡಿ. ಸ್ಕೇಲ್ ಇಟ್ಟು ಎಲ್ಲ ಚುಕ್ಕೆಗಳ ನಡುವೆ ಹಾಯುವ ಒಂದೇ ಗೆರೆ. ಗೆರೆ ನೇರ ಇದ್ದೂ ಸೊನ್ನೆಯಲ್ಲಿ ಹಾಯದಿದ್ದರೆ, ಮಂಡಲ ಬಿಚ್ಚಿದಾಗ ಮೀಟರಿನ ಮುಳ್ಳು ಸೊನ್ನೆಯಲ್ಲೇ ಇದೆಯಾ ನೋಡಿ. ಇಲ್ಲದಿದ್ದರೆ ಮುಖದ ಸಣ್ಣ ಸ್ಕ್ರೂ ತಿರುಗಿಸಿ ಸರಿ ಮಾಡಿ.

ಎಲ್ಲ ಸರಿ ಬಂದ ಗುಂಪಿಗೆ ಈಗ ಕಾಯಿಲ್ ಬದಲು ಬಲ್ಬ್ ಹಾಕಿ, ಎರಡೇ ಸೆಲ್‌ವರೆಗೆ, ಅದೇ ಕೆಲಸ ಮಾಡಲು ಹೇಳಿ. ಒಂದು ಸೆಲ್‌ಗೆ ಬರುವ ರೋಧವೂ ಎರಡು ಸೆಲ್‌ಗೆ ಬರುವ ರೋಧವೂ ಬೇರೆ ಬೇರೆ. ಯಾಕೆ ಅಂತ ಮನೆಗೆ ಹೋಗಿ ಯೋಚಿಸಲಿ.

ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಮಕ್ಕಳನ್ನು ಕರೆದೊಯ್ಯುವ ಯೋಚನೆ ಇದ್ದರೆ ಈ ಹಂತ ಮುಗಿದ ಮೇಲೆ ಒಯ್ಯಿರಿ. ಮೊದಲೇ ಹೋದರೆ ಬಟನ್ ಒತ್ತಿ ಓಡುತ್ತಾರೆ. ತಾವೇ ಮಂಡಲ ಕಟ್ಟಿದ ಮಕ್ಕಳು ಒಂದೊಂದು ಮಾದರಿಯ ಮುಂದೆ ನಿಂತು ಹಿಂಭಾಗದಲ್ಲಿ ತಂತಿ ಎಲ್ಲಿ ಹೋಗಿದೆ ಅಂತ ಹುಡುಕುತ್ತಾರೆ.

## ಹಂತ 8: ಬರೆಸುವುದು, ಎತ್ತಿಡುವುದು

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮಂಡಲದ ಚಿತ್ರ, ಲೆಕ್ಕ ಎರಡೂ ಬೇಕು. ನೆಲದ ಮೇಲಿನ ಚಾಕ್ ಚಿತ್ರವನ್ನೇ ಪುಸ್ತಕಕ್ಕೆ ಇಳಿಸಲಿ, ಸಂಕೇತಗಳನ್ನು ಹಾಕಲಿ. ಲೆಕ್ಕಕ್ಕೆ ಅವರದೇ ಅಂಕಿಗಳನ್ನು ಕೊಡಿ: ನಿಮ್ಮ 10 ಓಮ್ ಕಾಯಿಲ್ ಎರಡನ್ನು ಸರಣಿಯಲ್ಲಿ ಹಾಕಿದರೆ ಎಷ್ಟು, ಸಮಾಂತರದಲ್ಲಿ ಎಷ್ಟು? ಮೊದಲು ಲೆಕ್ಕ, ಆಮೇಲೆ ಜೋಡಿಸಿ ಅಳೆಯುವುದು. 20 ಮತ್ತು 5ರ ಹತ್ತಿರ ಬಂದಾಗ ಸೂತ್ರ ಬಾಯಿಪಾಠ ಮಾಡಿಸುವ ಅಗತ್ಯ ಬೀಳುವುದಿಲ್ಲ.

ಗಂಟೆ ಹೊಡೆಯಲು ಏಳು ನಿಮಿಷ ಇರುವಾಗ ಕೆಲಸ ನಿಲ್ಲಿಸಿ. ಪ್ರತಿ ಗುಂಪಿನ ಡಬ್ಬಿಯ ಮುಚ್ಚಳದ ಒಳಗೆ ಸಾಮಾನಿನ ಪಟ್ಟಿ ಅಂಟಿಸಿಡಿ. ಎಣಿಸಿ, ಟಿಕ್ ಹಾಕಿ ವಾಪಸ್ ಕೊಡಲಿ. ಸುಟ್ಟ ಬಲ್ಬ್ ಬೇರೆ ಡಬ್ಬಿಗೆ. ರೋಲಿನಿಂದ ಸೆಲ್ ತೆಗೆದೇ ಇಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ತಗಡಿನ ಟ್ರಂಕಿನಲ್ಲಿ ಬಿಟ್ಟ ಸೆಲ್ ರಜೆ ಮುಗಿಯುವಷ್ಟರಲ್ಲಿ ಸೋರಿ ತಂತಿ, ಹೋಲ್ಡರ್ ಎಲ್ಲ ಹಸಿರುಗಟ್ಟಿರುತ್ತವೆ. ರಜೆಗೆ ಮುಂಚೆ ಸೆಲ್‌ಗಳನ್ನೆಲ್ಲ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ನೆಲದ ಮೇಲಿನ ಕಪಾಟಿನಲ್ಲಿ, ಬಿಸಿಲು ಬೀಳದ ಗೋಡೆಯ ಕಡೆಗೆ ಇಡಿ. ಸೋರಿದ ಸೆಲ್ ಕಂಡರೆ ಬರಿಗೈಯಲ್ಲಿ ಮುಟ್ಟದೆ ಕಾಗದದಲ್ಲಿ ಸುತ್ತಿ ತೆಗೆಯಿರಿ. ಚುಕ್ಕೆ ಇಟ್ಟ ಬಲ್ಬ್ ಜೋಡಿಗಳನ್ನು ಮಾತ್ರ ಬೆಂಕಿಪೊಟ್ಟಣದಲ್ಲಿ ಹತ್ತಿ ಇಟ್ಟು ಬೇರೆಯಾಗಿ ಕಾಪಾಡಿ, ಬರುವ ವರ್ಷ ಆ ಒಂದು ತಾಸು ಉಳಿಯುತ್ತದೆ.